ನೆರೆಹೊರೆಯ ಅರಿವು: ಪರಿಸರ ಸಂಶೋಧನಾ ಬಳಗಗಳೂ ನಾಡಿನ ನೀತಿಯೂ

ಕುಡಿಯುವ ನೀರನ್ನು ಅಮೃತಕ್ಕೆ ಹೋಲಿಸುವುದು ನಮ್ಮ ಹಿರಿಯರಿಂದ ಬಂದ ರೂಢಿ. ಆ ಅಮೃತವೇ ವಿಷವಾಗಿ ಪರಿಣಮಿಸಿದರೆ, ಅದೂ ಕಣ್ಣಿಗೆ ಕಾಣದಂತೆ, ನಾಲಗೆಗೆ ತಿಳಿಯದಂತೆ ಪರಿಣಮಿಸಿದರೆ, ಮನೆಯ ಯಜಮಾನರಾಗಲಿ ಗೃಹಿಣಿಯಾಗಲಿ ಏನು ಮಾಡಬಲ್ಲರು? ಇದು ಕಲ್ಪನೆಯ ಪ್ರಶ್ನೆಯಲ್ಲ. ಪಶ್ಚಿಮ ಬಂಗಾಳದಲ್ಲಿಯೂ ಬಾಂಗ್ಲಾದೇಶದಲ್ಲಿಯೂ ಲಕ್ಷಾಂತರ ಕುಟುಂಬಗಳು ಎದುರಿಸಿದ, ಇಂದಿಗೂ ಎದುರಿಸುತ್ತಿರುವ ಪ್ರಶ್ನೆ.

ಕೆರೆ-ಹೊಂಡಗಳ ಕೊಳಕು ನೀರಿನಿಂದ ಹರಡುತ್ತಿದ್ದ ವಾಂತಿಭೇದಿಯಿಂದ ಮಕ್ಕಳನ್ನು ಉಳಿಸಬೇಕೆಂಬ ಸದುದ್ದೇಶದಿಂದ ಬಾಂಗ್ಲಾದೇಶದ ಹಳ್ಳಿಹಳ್ಳಿಗಳಲ್ಲಿ ಕೈಪಂಪಿನ ಕೊಳವೆಬಾವಿಗಳನ್ನು ಕೊರೆಯಲಾಯಿತು. ನಮ್ಮ ಊರುಗಳಲ್ಲಿ ಜನರು ಬೋರಿಂಗು ಎಂದು ಕರೆಯುವಂಥವೇ ಅವು. ನೀರು ತಿಳಿಯಾಗಿತ್ತು, ತಂಪಾಗಿತ್ತು. ಆದರೆ ಅಲ್ಲಿಯ ಮೆಕ್ಕಲು ಮಣ್ಣಿನ ಪದರಗಳಲ್ಲಿ ನಿಸರ್ಗಸಹಜವಾಗಿಯೇ ಆರ್ಸೆನಿಕ್ ಎಂಬ ಪಾಷಾಣದ ಅಂಶ ಅಡಗಿತ್ತು. ೧೯೮೩ರಲ್ಲಿ ಕಲ್ಕತ್ತೆಯ ಚರ್ಮರೋಗ ತಜ್ಞರಾದ ಡಾ. ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗರ ಮೈಮೇಲಿನ ಕಪ್ಪು ಕಲೆಗಳನ್ನೂ ಅಂಗೈ-ಅಂಗಾಲುಗಳ ಗಂಟುಗಳನ್ನೂ ಪರೀಕ್ಷಿಸಿ, ಇದು ನೀರಿನಿಂದ ಬಂದ ಆರ್ಸೆನಿಕ್ ವಿಷಬಾಧೆಯೆಂದು ಗುರುತಿಸಿದರು. ೧೯೮೭ರ ಹೊತ್ತಿಗೆ ಗಡಿಯಾಚೆಯ ಬಾಂಗ್ಲಾದೇಶದಿಂದ ಬಂದ ರೋಗಿಗಳಲ್ಲಿಯೂ ಅದೇ ಲಕ್ಷಣಗಳು ಕಂಡವು. ಆದರೂ ಬಾಂಗ್ಲಾದೇಶದಲ್ಲಿ ಅಧಿಕೃತವಾಗಿ ಬಾವಿಯ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾದದ್ದು ೧೯೯೩ರಲ್ಲಿ!

ಒಂದೇ ನದಿಯ ಮಣ್ಣು, ಒಂದೇ ಭಾಷೆ, ಒಂದೇ ಬಗೆಯ ಬಾವಿ, ಒಂದೇ ರೋಗ. ನಡುವೆ ಇದ್ದುದು ಒಂದು ಗಡಿರೇಖೆ ಮಾತ್ರ. ಆ ರೇಖೆಯನ್ನು ವಿಷ ದಾಟಿತ್ತು, ರೋಗಿಯೂ ದಾಟಿದ್ದನು. ಅರಿವು ದಾಟಲು ಮಾತ್ರ ಹತ್ತು ವರ್ಷ ಬೇಕಾಯಿತು. ಆ ಹತ್ತು ವರ್ಷಗಳಲ್ಲಿ ಹೊಸ ಬಾವಿಗಳು ಕೊರೆಯಲ್ಪಡುತ್ತಲೇ ಇದ್ದವು, ತಾಯಂದಿರು ಮಕ್ಕಳಿಗೆ ಆ ನೀರನ್ನೇ ಕುಡಿಸುತ್ತಲೇ ಇದ್ದರು. ನೆರೆಹೊರೆಯ ನಾಡುಗಳ ವಿದ್ವಾಂಸರು ಒಂದೆಡೆ ಕುಳಿತು ಪರಸ್ಪರರ ಅನುಭವವನ್ನು ಹಂಚಿಕೊಳ್ಳದಿದ್ದರೆ ಬಡ ಕುಟುಂಬಗಳು ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಆದುದರಿಂದಲೇ ಈ ಲೇಖನದಲ್ಲಿ ನಾವು ಸಾಮಾನ್ಯವಾಗಿ ಮನೆಮಂದಿಯ ಮಾತಿಗೆ ಬಾರದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅಭಿವೃದ್ಧಿಶೀಲ ದೇಶಗಳ ಪರಿಸರ ಸಂಶೋಧಕರು ಪ್ರಾದೇಶಿಕವಾಗಿ ಕಟ್ಟಿಕೊಂಡಿರುವ ಬಳಗಗಳು ಯಾವುವು, ಅವು ಮಾಡುವ ಕೆಲಸವೇನು, ಆ ಕೆಲಸ ಸರ್ಕಾರದ ನೀತಿಗೂ ನಮ್ಮ ಮನೆಯ ಬಾಗಿಲಿಗೂ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಓದುಗ ಬಾಂಧವರ ಮುಂದಿಡಬಯಸುತ್ತೇವೆ.

ಹಿತ್ತಲ ಗಿಡವೂ ಮದ್ದಾಗಬಲ್ಲದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಪರಿಸರದ ವಿಷಯದಲ್ಲಿ ಈ ಗಾದೆ ಬಹುಕಾಲ ನಿಜವೇ ಆಗಿತ್ತು. ಏಷ್ಯಾ, ಆಫ್ರಿಕಾ ಹಾಗೂ ಲ್ಯಾಟಿನ್ ಅಮೆರಿಕದ ಕಾಡು, ನದಿ, ನೆಲಗಳ ಬಗ್ಗೆ ವರದಿ ಬೇಕಾದಾಗ ಹೊರದೇಶದ ತಜ್ಞರು ಬರುತ್ತಿದ್ದರು. ಕೆಲವು ವಾರ ತಂಗಿ, ದಪ್ಪನೆಯ ವರದಿ ಬರೆದು, ಮರಳಿ ಹೋಗುತ್ತಿದ್ದರು. ವರದಿ ಕಪಾಟು ಸೇರುತ್ತಿತ್ತು. ಅದೇ ನಾಡಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಅಲ್ಲಿಯ ಭಾಷೆ ಬಲ್ಲ, ಅಲ್ಲಿಯ ತಹಶೀಲ್ದಾರ ಕಚೇರಿಯ ಕಡತಗಳ ಸ್ಥಿತಿಗತಿ ಬಲ್ಲ ಅಧ್ಯಾಪಕನಿಗೆ ಸಂಶೋಧನೆಗೆ ಹಣವಿರಲಿಲ್ಲ, ತಿದ್ದಿ ಹೇಳುವ ಹಿರಿಯರಿರಲಿಲ್ಲ, ಬರೆದುದನ್ನು ಓದುವವರಂತೂ ಇರಲೇ ಇಲ್ಲ.

ಈ ಕೊರತೆಯನ್ನು ನೀಗಿಸಲು ಹುಟ್ಟಿದವು ಪ್ರಾದೇಶಿಕ ಸಂಶೋಧನಾ ಬಳಗಗಳು. ಕೆನಡಾ ದೇಶದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರದ ನೆರವಿನಿಂದ ೧೯೯೩ರಲ್ಲಿ ಆಗ್ನೇಯ ಏಷ್ಯಾದ ದೇಶಗಳಿಗಾಗಿ 'ಈಪ್ಸಿಯಾ' ಎಂಬ ಬಳಗ ಸಿಂಗಪುರದಲ್ಲಿ ನೆಲೆಗೊಂಡಿತು. ಅದರ ಮಾದರಿಯಲ್ಲಿಯೇ ೧೯೯೯ರಲ್ಲಿ ದಕ್ಷಿಣ ಏಷ್ಯಾದ ದೇಶಗಳಿಗಾಗಿ 'ಸ್ಯಾಂಡೀ' ಎಂಬ ಸಂಕ್ಷಿಪ್ತ ನಾಮದ ಬಳಗ ಹುಟ್ಟಿ, ನೇಪಾಳದ ಕಾಠ್ಮಂಡುವನ್ನು ತನ್ನ ನೆಲೆಯಾಗಿಸಿಕೊಂಡಿತು. ಪ್ರಿಯಾ ಶ್ಯಾಮಸುಂದರ್ ಅವರು ಅದರ ಮೊದಲ ನಿರ್ದೇಶಕರು. ಢಾಕಾದಲ್ಲಿ ಜನಿಸಿ ಕೇಂಬ್ರಿಜ್‌ನಲ್ಲಿ ಹೆಸರಾದ ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತ, ಸ್ವೀಡನ್ನಿನ ಕಾರ್ಲ್-ಯೋರಾನ್ ಮೇಲರ್ ಮೊದಲಾದ ಹಿರಿಯರು ಅದಕ್ಕೆ ಮಾರ್ಗದರ್ಶಕರಾಗಿದ್ದರು. ೨೦೦೫ರಲ್ಲಿ ಲ್ಯಾಟಿನ್ ಅಮೆರಿಕ ಹಾಗೂ ಕೆರಿಬಿಯನ್ ನಾಡುಗಳಿಗೂ ಇಂಥದೇ ಒಂದು ಬಳಗ ಏರ್ಪಟ್ಟಿತು.

ಇವುಗಳ ಕಾರ್ಯವಿಧಾನ ಸರಳವಾದುದು. ಆಯಾ ದೇಶದ ಯುವ ಅಧ್ಯಾಪಕರು, ಸಂಶೋಧಕರು ತಮ್ಮ ನಾಡಿನ ಒಂದು ಸಮಸ್ಯೆಯನ್ನು ಆರಿಸಿಕೊಂಡು ಪ್ರಸ್ತಾವ ಬರೆಯುತ್ತಾರೆ. ನೆರೆದೇಶಗಳ ವಿದ್ವಾಂಸರೂ ಹಿರಿಯರೂ ಕೂಡಿದ ಸಭೆಯಲ್ಲಿ ಅದನ್ನು ಮಂಡಿಸುತ್ತಾರೆ. ಅಲ್ಲಿ ಹೊಗಳಿಕೆಗಿಂತ ಪ್ರಶ್ನೆಗಳೇ ಹೆಚ್ಚು. ತಪ್ಪು ತಿದ್ದಿಕೊಂಡ ಮೇಲೆ ಸಾಧಾರಣ ಮೊತ್ತದ ಅನುದಾನ ಸಿಗುತ್ತದೆ. ಕೆಲಸ ನಡೆಯುತ್ತಿರುವಾಗ ಮತ್ತೆ ಮತ್ತೆ ಅದೇ ಸಭೆಯ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ಕೊನೆಗೆ ವಿದ್ವಾಂಸರಿಗಾಗಿ ಒಂದು ಪ್ರಬಂಧ, ಆಡಳಿತಗಾರರಿಗಾಗಿ ಕೆಲವೇ ಪುಟಗಳ ಒಂದು ಸಾರಾಂಶ ಹೊರಬರುತ್ತದೆ. ಹೀಗೆ ಕಾಠ್ಮಂಡುವಿನ ಸಭೆಯೊಂದರಲ್ಲಿ ಪಾಕಿಸ್ತಾನದ ಅಧ್ಯಾಪಕಿಯ ಲೆಕ್ಕವನ್ನು ಭಾರತದವರು ತಿದ್ದುವುದೂ, ಭಾರತದವರ ಊಹೆಯನ್ನು ಬಾಂಗ್ಲಾದೇಶದವರು ಪ್ರಶ್ನಿಸುವುದೂ ಸಾಧ್ಯವಾಯಿತು. ರಾಜಕಾರಣದ ಮಾತುಕತೆಗಳು ಮುರಿದು ಬಿದ್ದ ಕಾಲದಲ್ಲಿಯೂ ಇಂಥ ಸಂಬಂಧಗಳು ಉಳಿದುಕೊಂಡವೆಂಬುದು ಸಣ್ಣ ಮಾತಲ್ಲ.

ಈ ಬಳಗಗಳ ಮುಖ್ಯ ಸಾಧನ ಪರಿಸರ ಅರ್ಥಶಾಸ್ತ್ರ. ಹೆಸರು ಭಾರವಾಗಿದ್ದರೂ ತಿರುಳು ಸುಲಭ. ಕಡಿದ ಮರಕ್ಕೆ ಸಂತೆಯಲ್ಲಿ ಬೆಲೆಯುಂಟು. ನಿಂತ ಮರಕ್ಕೆ ಇಲ್ಲ. ಬೆಲೆಯಿಲ್ಲದ್ದು ಸರ್ಕಾರದ ಆಯವ್ಯಯ ಪತ್ರದಲ್ಲಿ ಕಾಣಿಸಿಕೊಳ್ಳುವುದಿಲ್ಲ. ನಿಂತ ಮರ ಮಾಡುವ ಉಪಕಾರವನ್ನು ಪ್ರಾಮಾಣಿಕವಾಗಿ ಅಳೆದು, ಲೆಕ್ಕ ಬಲ್ಲವರ ಮುಂದೆ ಲೆಕ್ಕದ ಭಾಷೆಯಲ್ಲಿಯೇ ಇಡುವುದು ಈ ಶಾಸ್ತ್ರದ ಗುರಿ.

ಒಡಿಶಾದ ಕಡಲತೀರದಲ್ಲಿ

ಈ ಮಾತು ಬರಿಯ ತತ್ತ್ವವಾಗಿ ಉಳಿಯಬಾರದೆಂದು ಒಂದು ನಿಜಸಂಗತಿಯನ್ನು ವಿವರವಾಗಿ ಹೇಳುತ್ತೇವೆ. ೧೯೯೯ರ ಅಕ್ಟೋಬರ್ ೨೯ರಂದು ಅಂದಿನ ಒರಿಸ್ಸಾ, ಇಂದಿನ ಒಡಿಶಾ ರಾಜ್ಯದ ಪಾರಾದೀಪ್ ಬಂದರಿನ ಬಳಿ ಮಹಾಚಂಡಮಾರುತವೊಂದು ಅಪ್ಪಳಿಸಿತು. ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ಗಾಳಿ. ಗಾಳಿಯ ಬೆನ್ನಿಗೆ ಮನೆಯ ಮಾಡಿಗಿಂತ ಎತ್ತರಕ್ಕೆ ಎದ್ದ ಕಡಲ ನೀರು. ಸುಮಾರು ೧೦,೦೦೦ ಜನರು ಪ್ರಾಣ ಕಳೆದುಕೊಂಡರು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶದಲ್ಲಂತೂ ಅತ್ತು ಕಣ್ಣೀರು ಒರೆಸುವವರೂ ಉಳಿಯದ ಮನೆಗಳಿದ್ದವು.

ಪಕ್ಕದ ಕೇಂದ್ರಪಾಡಾ ಜಿಲ್ಲೆಯ ತೀರದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡುಗಳು ಅಲ್ಲಲ್ಲಿ ಉಳಿದಿದ್ದವು. ನಮ್ಮ ಕುಂದಾಪುರ, ಕುಮಟಾ, ಕಾರವಾರಗಳ ಅಳಿವೆಗಳಲ್ಲಿ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿಕೊಂಡು ನಿಂತಿರುವ ಅದೇ ಜಾತಿಯ ಕಾಡು. ಹಿಂದೆ ಆ ಜಿಲ್ಲೆಯ ತೀರದಲ್ಲಿ ಇದು ಬಹು ವಿಸ್ತಾರವಾಗಿ ಹಬ್ಬಿತ್ತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಗದ್ದೆಗಾಗಿ, ವಸತಿಗಾಗಿ, ಸಿಗಡಿ ಕೆರೆಗಳಿಗಾಗಿ ಕಡಿಯುತ್ತ ಬಂದುದರಿಂದ ಬಹಳಷ್ಟು ಕರಗಿಹೋಗಿತ್ತು. ಚಂಡಮಾರುತದ ನಂತರ ಹಳ್ಳಿಗರು ಹೇಳತೊಡಗಿದರು: ಕಾಡು ಇದ್ದ ಕಡೆ ಸಾವು ಕಡಿಮೆ. ಈ ಮಾತು ಕೇಳಲು ಹಿತ. ಆದರೆ ಅದು ನಿಜವೇ?

೨೦೦೪ರ ಸುನಾಮಿಯ ಬಳಿಕ ಇದೇ ಪ್ರಶ್ನೆ ಜಗತ್ತಿನ ಮುಂದೆ ಬಂದಿತು. ಕಾಂಡ್ಲಾ ಕಾಡು ಜೀವ ಉಳಿಸಿತೆಂದು ಕೆಲವು ವಿಜ್ಞಾನಿಗಳು ಬರೆದರು. ಬೇರೆ ಕೆಲವರು ಆಕ್ಷೇಪಿಸಿದರು. ಕಾಡಿನ ಹಿಂದಿರುವ ಹಳ್ಳಿಗಳು ಸಹಜವಾಗಿಯೇ ಕಡಲಿನಿಂದ ದೂರದಲ್ಲಿರುತ್ತವೆ, ಕೆಲವೊಮ್ಮೆ ಎತ್ತರದಲ್ಲಿಯೂ ಇರುತ್ತವೆ. ಜೀವ ಉಳಿಸಿದ್ದು ಕಾಡೋ, ದೂರವೋ, ಎತ್ತರವೋ ಎಂಬುದನ್ನು ಬಿಡಿಸಿ ಹೇಳಿಲ್ಲವಲ್ಲ ಎಂಬುದು ಅವರ ಆಕ್ಷೇಪ. ಆಕ್ಷೇಪ ನ್ಯಾಯವಾದುದೇ ಆಗಿತ್ತು. ಸಾಕ್ಷ್ಯವಿಲ್ಲದ ಪ್ರೀತಿಯಿಂದ ಕಾಡು ಉಳಿಯದು; ಒಂದು ಬಂದರು ಕಟ್ಟುವವನ ವಕೀಲನು ನ್ಯಾಯಾಲಯದಲ್ಲಿ ಇದೇ ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕಲ್ಲವೇ?

ಈ ತೊಡಕನ್ನು ಬಿಡಿಸಲು ಮುಂದಾದವರು ದೆಹಲಿ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಿದ್ದ ಸೌದಾಮಿನಿ ದಾಸ್. ಸ್ಯಾಂಡೀ ಬಳಗದ ಬೆಂಬಲದಿಂದ ಅವರು ಕೇಂದ್ರಪಾಡಾ ಜಿಲ್ಲೆಯ ಹಳ್ಳಿಹಳ್ಳಿಯ ಲೆಕ್ಕವನ್ನು ಕಲೆಹಾಕಿದರು. ಯಾವ ಊರಿನಲ್ಲಿ ಎಷ್ಟು ಜನ ಸತ್ತರು, ಊರು ಕಡಲಿನಿಂದ ಎಷ್ಟು ದೂರ, ನೆಲ ಎಷ್ಟು ತಗ್ಗು, ನದಿ ಎಷ್ಟು ಹತ್ತಿರ, ಊರಿಗೂ ಕಡಲಿಗೂ ನಡುವೆ ಕಾಡಿನ ಅಗಲ ಎಷ್ಟು ಎಂಬುದನ್ನೆಲ್ಲ ಜೋಡಿಸಿದರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ಕಾಲದಲ್ಲಿ ಆಯಾ ಊರಿನ ಮುಂದೆ ಎಷ್ಟು ಕಾಡಿತ್ತು ಎಂಬುದನ್ನೂ ಲೆಕ್ಕಕ್ಕೆ ತಂದರು. ಇದರ ಜಾಣ್ಮೆಯನ್ನು ಗಮನಿಸಬೇಕು. ಹಿಂದೆ ಸಮಾನವಾಗಿ ಕಾಡಿದ್ದ ಎರಡು ಊರುಗಳಲ್ಲಿ ಒಂದು ತನ್ನ ಕಾಡನ್ನು ಉಳಿಸಿಕೊಂಡಿದೆ, ಇನ್ನೊಂದು ಕಳೆದುಕೊಂಡಿದೆ ಎನ್ನೋಣ. ಆಗ ಆ ಎರಡರ ಸಾವಿನ ಅಂತರಕ್ಕೆ ಕಾಡಿನ ಜಾಗದ ಸಹಜಗುಣ ಕಾರಣವೆನ್ನಲಾಗದು, ಕಾಡೇ ಕಾರಣವೆನ್ನಬೇಕಾಗುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ವಿನ್ಸೆಂಟ್ ಅವರೊಡಗೂಡಿ ಬರೆದ ಈ ಅಧ್ಯಯನ ೨೦೦೯ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಲ್ಕುನೂರಕ್ಕೂ ಮಿಕ್ಕಿದ ಹಳ್ಳಿಗಳ ಲೆಕ್ಕ ಹೇಳಿದ್ದು ಇಷ್ಟು: ಕಾಡಿನ ಅಗಲ ಹೆಚ್ಚಿದ್ದ ಕಡೆ ಸಾವು ನಿಶ್ಚಯವಾಗಿ ಕಡಿಮೆ. ಉಳಿದಿದ್ದ ಕಾಡೂ ಇಲ್ಲದೆ ಹೋಗಿದ್ದರೆ ತೀರದಿಂದ ೧೦ ಕಿಲೋಮೀಟರಿನೊಳಗಿನ ಪ್ರತಿ ಹಳ್ಳಿಯಲ್ಲಿ ಸರಾಸರಿ ಸುಮಾರು ೧.೭ ಜೀವಗಳು ಹೆಚ್ಚಾಗಿ ಹೋಗುತ್ತಿದ್ದವು. ಈ ಅಂಕೆ ಚಿಕ್ಕದೆಂದು ಯಾರಿಗಾದರೂ ತೋರಿದರೆ, ತಮ್ಮ ಊರಿನಲ್ಲಿ ಒಬ್ಬ ತಾಯಿ, ಒಂದು ಮಗು ಎಂದು ಅದನ್ನು ಓದಿಕೊಳ್ಳಲಿ.

ಹಿತವಲ್ಲದ ಸತ್ಯಕ್ಕೂ ಸ್ಥಾನ

ಈ ಅಧ್ಯಯನದ ಹಿರಿಮೆ ಇಷ್ಟಕ್ಕೇ ಮುಗಿಯುವುದಿಲ್ಲ. ಕಾಡಿನ ಪರವಾದ ಮಾತನ್ನು ಹೇಳಿದ ಅದೇ ಲೇಖನವು, ಸರ್ಕಾರ ಹೊರಡಿಸಿದ ಮುನ್ನೆಚ್ಚರಿಕೆಯಿಂದ ಉಳಿದ ಜೀವಗಳ ಸಂಖ್ಯೆ ಕಾಡು ಉಳಿಸಿದ ಜೀವಗಳಿಗಿಂತ ಹೆಚ್ಚು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿತು. ಕಾಡನ್ನು ಪ್ರೀತಿಸುವವರಿಗೆ ಇದು ಅಷ್ಟು ಹಿತವಾದ ಮಾತಲ್ಲ. ಆದರೆ ನೀತಿ ರೂಪಿಸುವವನಿಗೆ ಬೇಕಾದುದು ಇಂಥ ನೇರ ಮಾತೇ. ಮೊದಲು ಎಚ್ಚರಿಕೆ ಕೊಡು, ಜನರನ್ನು ಸ್ಥಳಾಂತರಿಸು. ಜೊತೆಗೆ ಉಳಿದ ಕಾಡನ್ನು ಕಡಿಯಬೇಡ, ಏಕೆಂದರೆ ಮೀನು, ಸೌದೆ, ಜೇನುಗಳಂಥ ಇತರ ಪ್ರಯೋಜನಗಳನ್ನು ಬದಿಗಿಟ್ಟರೂ ಬಿರುಗಾಳಿಯಿಂದ ಕಾಯುವ ಒಂದೇ ಕಾರಣಕ್ಕೆ ಆ ಕಾಡನ್ನು ಉಳಿಸುವುದು ಲಾಭದಾಯಕ — ಇದು ಅಧ್ಯಯನದ ಒಟ್ಟು ಸಾರ.

ಒಡಿಶಾ ರಾಜ್ಯ ೧೯೯೯ರ ದುರಂತದಿಂದ ಪಾಠ ಕಲಿತದ್ದನ್ನು ನಾವು ಮೆಚ್ಚಲೇಬೇಕು. ಅದೇ ವರ್ಷ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು; ತೀರದುದ್ದಕ್ಕೂ ಆಸರೆಯ ಕಟ್ಟಡಗಳನ್ನು ಕಟ್ಟಿಸಿತು. ೨೦೧೩ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸುರಕ್ಷಿತ ಸ್ಥಳಗಳಿಗೆ ಕರೆದೊಯ್ಯಲಾಯಿತು. ೨೦೧೯ರ ಮೇ ತಿಂಗಳಲ್ಲಿ ಫನಿ ಬಂದಾಗ ಸುಮಾರು ಹನ್ನೆರಡು ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸಾವಿರಗಳಲ್ಲಿ ಎಣಿಸುತ್ತಿದ್ದ ಸಾವು ಹತ್ತುಗಳ ಎಣಿಕೆಗೆ ಇಳಿಯಿತು. ಕಾಡಿನ ವಿಷಯದಲ್ಲಿ, ೨೦೧೧ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಕಾಂಡ್ಲಾ ಪ್ರದೇಶಗಳನ್ನು ಹೆಚ್ಚಿನ ರಕ್ಷಣೆಯ ವರ್ಗದಲ್ಲಿರಿಸಿತು. ೨೦೨೩ರಲ್ಲಿ ಕೇಂದ್ರ ಸರ್ಕಾರ ಕಾಂಡ್ಲಾ ನೆಡುವುದಕ್ಕೆಂದೇ 'ಮಿಷ್ಟಿ' ಎಂಬ ಯೋಜನೆಯನ್ನು ಆರಂಭಿಸಿತು. ಇವೆಲ್ಲ ಒಂದು ಪ್ರಬಂಧದಿಂದಲೇ ಆದುವೆಂದು ಹೇಳುವುದು ಅತಿಶಯೋಕ್ತಿಯಾದೀತು. ನೀತಿಯೆಂಬುದು ಹಲವು ತೊರೆಗಳು ಕೂಡಿ ಹರಿಯುವ ಹೊಳೆ. ಆದರೆ ಆ ತೊರೆಗಳಲ್ಲಿ ಸಾಕ್ಷ್ಯದ ತೊರೆಯೂ ಒಂದು. ಅದು ಬತ್ತಿದರೆ ಹೊಳೆ ದಿಕ್ಕು ತಪ್ಪುತ್ತದೆ.

ಹೊಗೆಯ ಲೆಕ್ಕ

ಸಾಕ್ಷ್ಯವೊಂದಿದ್ದರೆ ಸಾಕೇ? ಸಾಲದು. ಇದಕ್ಕೆ ಆಗ್ನೇಯ ಏಷ್ಯಾದ ನಿದರ್ಶನ ನೋಡಬಹುದು. ೧೯೯೭ರಲ್ಲಿ ಮಳೆ ಕೈಕೊಟ್ಟಾಗ ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂತಾನ್ ಪ್ರದೇಶಗಳಲ್ಲಿ ತೋಟಕ್ಕೆಂದು ನೆಲ ಸವರಲು ಹಚ್ಚಿದ ಬೆಂಕಿ ಕೈಮೀರಿತು. ಕೊಳೆತ ಸಸ್ಯಗಳಿಂದಾದ ಜೌಗು ನೆಲವೇ ಹೊತ್ತಿಕೊಂಡು ತಿಂಗಳುಗಟ್ಟಲೆ ಉರಿಯಿತು. ಹೊಗೆ ಮಲೇಷ್ಯಾ, ಸಿಂಗಪುರಗಳನ್ನೂ ಕವಿಯಿತು. ಈಪ್ಸಿಯಾ ಬಳಗವು ವಿಶ್ವ ವನ್ಯಜೀವಿ ನಿಧಿಯ ಇಂಡೋನೇಷ್ಯಾ ಶಾಖೆಯೊಡನೆ ಕೂಡಿ ಈ ಅನಾಹುತದ ನಷ್ಟವನ್ನು ಲೆಕ್ಕ ಹಾಕಿತು. ಆಸ್ಪತ್ರೆಯ ಖರ್ಚು, ದುಡಿಮೆ ತಪ್ಪಿದ ದಿನಗಳು, ಬಾರದ ಪ್ರವಾಸಿಗರು, ಸುಟ್ಟ ಮರ, ಸುಟ್ಟ ಬೆಳೆ ಎಲ್ಲವನ್ನೂ ಕೂಡಿಸಿದಾಗ ಸುಮಾರು ೪೫೦ ಕೋಟಿ ಡಾಲರುಗಳ ಮೊತ್ತ ಬಂದಿತು. ಈ ವಿವರ ೧೯೯೯ರಲ್ಲಿ ಪುಸ್ತಕವಾಗಿ ಹೊರಬಂದಿತು.

೨೦೦೨ರಲ್ಲಿ ಆಸಿಯಾನ್ ದೇಶಗಳು ಗಡಿದಾಟುವ ಹೊಗೆಯ ಬಗ್ಗೆ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಆದರೆ ಬೆಂಕಿಯ ಮೂಲವಾದ ಇಂಡೋನೇಷ್ಯಾದ ಸಂಸತ್ತು ಅದನ್ನು ಅಂಗೀಕರಿಸಿದ್ದು ೨೦೧೪ರಲ್ಲಿ. ಮರುವರ್ಷವೇ ಮತ್ತೆ ಭೀಕರ ಬೆಂಕಿ ಎದ್ದಿತು; ೨೦೧೫ರ ಆ ಬೆಂಕಿಯಿಂದ ಇಂಡೋನೇಷ್ಯಾ ಒಂದಕ್ಕೇ ಆದ ನಷ್ಟ ೧,೬೦೦ ಕೋಟಿ ಡಾಲರಿಗೂ ಮಿಕ್ಕಿದ್ದೆಂದು ವಿಶ್ವ ಬ್ಯಾಂಕು ಅಂದಾಜು ಮಾಡಿತು. ಲೆಕ್ಕ ಗೊತ್ತಿತ್ತು, ಒಪ್ಪಂದವೂ ಇತ್ತು. ಇಚ್ಛಾಶಕ್ತಿ ಮಾತ್ರ ತಡವಾಗಿ ಬಂದಿತು. ನಮ್ಮ ಭಾಗದಲ್ಲಿಯೂ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ದೀವ್ಸ್ ಮತ್ತು ಇರಾನ್ ದೇಶಗಳು ೧೯೯೮ರಲ್ಲಿಯೇ ಮಾಲೆ ಘೋಷಣೆಯ ಮೂಲಕ ಗಡಿದಾಟುವ ವಾಯುಮಾಲಿನ್ಯವನ್ನು ಕೂಡಿ ಅಳೆಯಲು, ಕೂಡಿ ತಡೆಯಲು ಒಪ್ಪಿದ್ದವು. ಅಳೆಯುವ ಕೆಲಸ ಒಂದಷ್ಟು ನಡೆಯಿತು. ಆದರೆ ಪ್ರತಿ ಚಳಿಗಾಲದಲ್ಲಿ ಲಾಹೋರ್, ದೆಹಲಿಗಳ ಮಕ್ಕಳು ಉಸಿರಾಡುವ ಗಾಳಿಯನ್ನು ಕಂಡರೆ, ಅರಿವು ಆಚಾರವಾಗದೆ ಉಳಿದಿದೆ ಎಂಬುದು ಯಾರಿಗಾದರೂ ತಿಳಿದೀತು.

ಅಡುಗೆಮನೆಯವರೆಗೆ

ಇಂಥ ಸಂಶೋಧನೆಯೆಂದರೆ ಕಡಲು, ಕಾಡುಗಳದೇ ಎಂದು ಭಾವಿಸಬಾರದು. ಸ್ಯಾಂಡೀ ಬಳಗದ ಸಂಶೋಧಕರು ನೇಪಾಳದ ಬೆಟ್ಟದ ಮನೆಗಳಲ್ಲಿ ಸೌದೆ ಒಲೆಯ ಹೊಗೆಯನ್ನು ಹೊರಗೊಯ್ಯುವ ವ್ಯವಸ್ಥೆ ಮಾಡಿದರೆ ಆರೋಗ್ಯಕ್ಕೂ ಸಮಯಕ್ಕೂ ಆಗುವ ಲಾಭವೆಷ್ಟೆಂದು ಲೆಕ್ಕ ಹಾಕಿದ್ದಾರೆ. ಅಲ್ಲಿಯದೇ ರೈತರು ಕೀಟನಾಶಕ ಸಿಂಪಡಿಸಿದ ದಿನ ಅನುಭವಿಸುವ ತಲೆನೋವು, ಕಣ್ಣುರಿ, ವಾಂತಿಗಳಿಂದ ಆಗುವ ಖರ್ಚನ್ನು ಅಳೆದಿದ್ದಾರೆ. ಕಾನ್ಪುರದ ಗಾಳಿ ತಿಳಿಯಾದರೆ ಒಂದು ಕುಟುಂಬಕ್ಕೆ ಉಳಿಯುವ ಔಷಧದ ಹಣವೆಷ್ಟೆಂದು ನೋಡಿದ್ದಾರೆ. ನಾವು ಆರಂಭದಲ್ಲಿ ಹೇಳಿದ ಬಾಂಗ್ಲಾದೇಶದ ಆರ್ಸೆನಿಕ್ ಬಾಧೆಯ ಕುಟುಂಬಗಳು ರೋಗಕ್ಕಾಗಿ ತೆರುವ ಬೆಲೆಯನ್ನೂ, ಅದಕ್ಕೆ ಯಾವ ಪರಿಹಾರ ಮಾರ್ಗ ಹೊಂದೀತೆಂಬುದನ್ನೂ ಅಧ್ಯಯನ ಮಾಡಿದ್ದಾರೆ. ಇಂಥ ಅನೇಕ ಅಧ್ಯಯನಗಳು ಎನಾಮುಲ್ ಹಕ್, ಎಂ. ಎನ್. ಮೂರ್ತಿ ಹಾಗೂ ಪ್ರಿಯಾ ಶ್ಯಾಮಸುಂದರ್ ಅವರ ಸಂಪಾದಕತ್ವದಲ್ಲಿ ೨೦೧೧ರಲ್ಲಿ ಒಂದು ಗ್ರಂಥವಾಗಿ ಹೊರಬಂದಿವೆ. ಒಲೆಯ ಮುಂದೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡ ನಮ್ಮ ಅಜ್ಜಿಯಂದಿರ ಕೆಮ್ಮು ಯಾವ ಆಯವ್ಯಯ ಪತ್ರದಲ್ಲಿಯೂ ಸೇರಿರಲಿಲ್ಲ. ಅದನ್ನು ಲೆಕ್ಕಕ್ಕೆ ಸೇರಿಸಿದವರು ಈ ವಿದ್ವಾಂಸರು.

ಹಾಗೆಂದು ಈ ಬಳಗಗಳಲ್ಲಿ ಕುಂದುಗಳೇ ಇಲ್ಲವೆಂದು ಹೇಳಲಾರೆವು. ಇವು ಬಹುಮಟ್ಟಿಗೆ ಹೊರದೇಶಗಳ ಧನಸಹಾಯವನ್ನು ನೆಚ್ಚಿಕೊಂಡು ಬೆಳೆದಂಥವು. ಕೊಡುವವರ ಮನಸ್ಸು ಬದಲಾದರೆ ಕೆಲಸ ಸೊರಗುತ್ತದೆ. ನಮ್ಮ ನೆಲದ ಪ್ರಶ್ನೆಗಳನ್ನು ಕೇಳಲು ನಮ್ಮ ಸರ್ಕಾರಗಳೇ ಹಣ ತೆಗೆದಿಡಬೇಕಲ್ಲವೇ? ಎರಡನೆಯದಾಗಿ, ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿಯೇ ಇರುತ್ತವೆ. ಒಡಿಶಾದ ಮೀನುಗಾರನ ಬದುಕಿನ ಲೆಕ್ಕ ಅವನ ಭಾಷೆಯಲ್ಲಿ ಅವನ ಕೈಗೆ ತಲುಪದಿದ್ದರೆ, ಅವನು ಯಾವ ಬಲದಿಂದ ಅಧಿಕಾರಿಯ ಮುಂದೆ ಮಾತನಾಡಿಯಾನು? ಮೂರನೆಯದಾಗಿ, ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯಲು ಬಾರದು. ಜೀವಕ್ಕೆ, ನದಿಯ ಮೇಲಿನ ಭಕ್ತಿಗೆ, ಹುಟ್ಟಿದೂರಿನ ನಂಟಿಗೆ ಬೆಲೆ ಕಟ್ಟುವವರಾರು? ಲೆಕ್ಕವು ವಿವೇಕದ ಕೈಗೋಲಾಗಬೇಕೇ ಹೊರತು ವಿವೇಕದ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳಬಾರದು.

ನಮ್ಮ ನೆಲದಲ್ಲಿ

ಇದೆಲ್ಲ ದೂರದ ಸಂಗತಿಯೆಂದು ಯಾರಾದರೂ ಭಾವಿಸಿದರೆ, ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಹೆಸರನ್ನು ನೆನಪಿಸಬೇಕಾಗುತ್ತದೆ. ಪ್ರಾಚೀನ ಕಾಲದಲ್ಲಿ ಚಿನ್ನ ತೆಗೆದ ಆ ಭಾಗದ ಕಲ್ಲಿನ ಪದರಗಳಲ್ಲಿ ಆರ್ಸೆನಿಕ್ ಇದೆ. ಅಲ್ಲಿಯ ಅಂತರ್ಜಲದಲ್ಲಿಯೂ ಅದು ಕಂಡುಬಂದಿತು, ಜನರ ಚರ್ಮದ ಮೇಲೂ ಅದರ ಗುರುತುಗಳು ಕಂಡವು. ಈ ಕುರಿತು ೨೦೧೩ರಲ್ಲಿ ಪ್ರಕಟವಾದ ಅಧ್ಯಯನದ ಮುಂದಾಳು ಯಾರು? ಬಂಗಾಳದ ಹಳ್ಳಿಗಳಲ್ಲಿ ಆರ್ಸೆನಿಕ್ ಬೆನ್ನು ಹತ್ತಿ ಜೀವಮಾನವನ್ನೇ ಸವೆಸಿದ, ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಅವರು. ಗಂಗೆಯ ಮುಖಜಭೂಮಿಯಲ್ಲಿ ಗಳಿಸಿದ ಅರಿವು ಕೃಷ್ಣೆಯ ಸೀಮೆಯ ತಾಂಡಾಕ್ಕೆ ಉಪಯೋಗಕ್ಕೆ ಬಂದಿತು. ಮೊದಲು ಹೇಳಿದ ಹತ್ತು ವರ್ಷಗಳ ವಿಳಂಬದ ಕಥೆಗೆ ಇದು ಎದುರು ನಿದರ್ಶನ. ಅರಿವು ಹರಿದಾಡಿದರೆ ಏನಾಗಬಹುದೆಂಬುದನ್ನು ಇದು ತೋರಿಸುತ್ತದೆ.

ಇನ್ನೊಂದು ಬಳಗ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೇ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಅವರ ಮುಂದಾಳತ್ವದಲ್ಲಿ ೧೯೯೦ರ ದಶಕದಲ್ಲಿ ಘಟ್ಟಸಾಲಿನ ಕಾಲೇಜು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ತಂತಮ್ಮ ಸುತ್ತಲಿನ ಗಿಡ, ಹಕ್ಕಿ, ಮೀನುಗಳ ಲೆಕ್ಕ ಬರೆಯತೊಡಗಿದರು. ಊರಿನ ಹಿರಿಯರಿಗೆ, ನಾಟಿ ವೈದ್ಯರಿಗೆ, ಬೆಸ್ತರಿಗೆ, ಕುರಿಗಾಹಿಗಳಿಗೆ ತಿಳಿದುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಜನತ ಜೀವವೈವಿಧ್ಯ ದಾಖಲಾತಿಯ ಕಲ್ಪನೆಯೂ ಆ ಕಾಲದಲ್ಲಿಯೇ ರೂಪುಗೊಂಡಿತು. ೨೦೦೨ರ ಜೀವವೈವಿಧ್ಯ ಕಾಯ್ದೆಯೂ ೨೦೦೪ರ ನಿಯಮಗಳೂ ಬಂದಾಗ, ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಇಂಥ ದಾಖಲಾತಿಯನ್ನು ಸಿದ್ಧಪಡಿಸಬೇಕು ಎಂಬುದು ಕಾನೂನೇ ಆಯಿತು. ಅಧ್ಯಾಪಕರ ಒಂದು ಬಳಗದ ಪ್ರಯೋಗ ದೇಶದ ಶಾಸನದೊಳಗೆ ಸೇರಿದ ಅಪರೂಪದ ಸಂಗತಿಯಿದು.

ಆದರೆ ಇಲ್ಲಿಯೂ ಅದೇ ಕೊರಗು. ಬಹುಕಾಲ ಈ ಕೆಲಸ ಹಿಂದೆ ಬಿದ್ದಿತ್ತು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೨೦ರ ಜನವರಿಯನ್ನು ಗಡುವಾಗಿ ವಿಧಿಸಿದ ಮೇಲೆ ತರಾತುರಿ ಆರಂಭವಾಯಿತು. ತರಾತುರಿಯಲ್ಲಿ ತುಂಬಿದ ದಾಖಲಾತಿಯಲ್ಲಿ ಊರಿನ ಅಜ್ಜನ ಮಾತು ಎಷ್ಟು ಸೇರೀತು? ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ.

ಮನೆಮಂದಿ ಮಾಡಬಹುದಾದುದು

ಓದುಗ ಬಾಂಧವರೇ, ಸಂಶೋಧನೆ ವಿದ್ವಾಂಸರ ಕೆಲಸ, ನೀತಿ ಸರ್ಕಾರದ ಕೆಲಸ, ನಮಗೇನು ಎಂದು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ಒಡಿಶಾದ ಅಧ್ಯಯನಕ್ಕೆ ಆಧಾರವಾದದ್ದು ಹಳ್ಳಿಯ ಮಟ್ಟದ ದಾಖಲೆಗಳು. ಬಂಗಾಳದಲ್ಲಿ ವೈದ್ಯರ ಕಣ್ಣು ತೆರೆಸಿದ್ದು ಆಸ್ಪತ್ರೆಗೆ ನಡೆದು ಬಂದ ಹಳ್ಳಿಗರು. ಘಟ್ಟದ ದಾಖಲಾತಿಗೆ ಜೀವ ತುಂಬಿದ್ದು ಹಿರಿಯರ ನೆನಪು. ಅರಿವಿನ ಮೊದಲ ತುದಿ ಯಾವಾಗಲೂ ಒಂದು ಮನೆಯಲ್ಲಿಯೇ ಇರುತ್ತದೆ.

ಆದುದರಿಂದ ನಾವು ದೊಡ್ಡದೇನನ್ನೂ ಕೇಳುವುದಿಲ್ಲ. ನಿಮ್ಮ ಊರಿನ ಪಂಚಾಯಿತಿಗೆ ಹೋದಾಗ ಜೀವವೈವಿಧ್ಯ ದಾಖಲಾತಿಯನ್ನು ತೋರಿಸಿರೆಂದು ಕೇಳಿರಿ. ಅದರಲ್ಲಿ ನಿಮ್ಮ ಕೆರೆ, ನಿಮ್ಮ ಗೋಮಾಳ, ನಿಮ್ಮ ಅಜ್ಜಿ ಬಲ್ಲ ಮದ್ದಿನ ಗಿಡ ಇವೆಯೇ ಎಂದು ನೋಡಿರಿ, ಇಲ್ಲದಿದ್ದರೆ ಬರೆಯಿಸಿರಿ. ನೀವು ಕುಡಿಯುವ ಬೋರಿಂಗಿನ ನೀರನ್ನು ಕಡೆಯ ಬಾರಿ ಯಾವಾಗ ಪರೀಕ್ಷಿಸಲಾಯಿತು, ಫಲಿತಾಂಶವೇನು ಎಂದು ವಿಚಾರಿಸಿರಿ. ಮನೆಯಲ್ಲಿ ಕಾಲೇಜು ಓದುವ ಮಗನೋ ಮಗಳೋ ಇದ್ದರೆ, ಊರಿನ ಒಂದು ಪ್ರಶ್ನೆಯನ್ನು ಹಿಡಿದು ಶ್ರದ್ಧೆಯಿಂದ ಲೆಕ್ಕ ಬರೆಯಲು ಪ್ರೋತ್ಸಾಹಿಸಿರಿ. ನೆರೆಯ ಊರಿನವರು ಬರೆದುದರೊಡನೆ ಅದನ್ನು ತಾಳೆ ನೋಡಲು ಹೇಳಿರಿ.

ಗಂಗೆಯ ಬಯಲಿನಲ್ಲಿ ಒಂದು ಗಡಿರೇಖೆಯ ಎರಡು ಬದಿಗೆ ಒಂದೇ ವಿಷವನ್ನು ಕುಡಿದವರು ಪರಸ್ಪರ ಮಾತನಾಡಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು! ನೆರೆಯವನ ಬಾವಿಯ ಸುದ್ದಿಯನ್ನು ಕೇಳಿಸಿಕೊಳ್ಳುವುದು, ನಮ್ಮ ಬಾವಿಯ ಸುದ್ದಿಯನ್ನು ಮುಚ್ಚಿಡದೆ ಹೇಳುವುದು — ಇಷ್ಟನ್ನು ದೇಶಗಳು ಮಾಡಬೇಕಾಗಿದೆ, ಊರುಗಳು ಮಾಡಬೇಕಾಗಿದೆ, ನಮ್ಮ ನಮ್ಮ ಓಣಿಗಳಿಂದಲೇ ನಾವೂ ಅದನ್ನು ಆರಂಭಿಸಬಹುದಾಗಿದೆ.